ಗ್ರಂಥಿಗೆ ಬಂದ ಇಬ್ಬರು ದೂತರು

ಒಡಲನ್ನೇ ಗುಡಿ ಮಾಡಿಕೊಂಡ ಸ್ವಾಮಿಗೆ ಶರಣು.

ಸಾತವ್ವನನ್ನು ಹೋರಿಯೊಂದು ಅಟ್ಟಿಸಿಕೊಂಡು ಬಂತು. ಅವಳ ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿದ್ದ ಪುಟ್ಟ ಗ್ರಂಥಿಗೆ, ಮಿದುಳಿಂದ ನರದ ದಾರಿ ಹಿಡಿದು ಬಂದ ದೂತ ನರಣ್ಣ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೇಳಿದ: "ತಂಗಿ, ರಸ ಬಿಡು, ಅವ್ವ ಓಡಬೇಕು."

ಗ್ರಂಥಿ ಬಿಟ್ಟಿತು. ಸಾತವ್ವ ಓಟ ಕಿತ್ತಳು. ಹೋರಿ ಹಿಂದೆಯೇ ಇತ್ತು.

ಆಮೇಲೆ ನೆತ್ತರಲ್ಲಿ ತೇಲುತ್ತ ಹಾರ್ಮೋನು ಬಂದು, "ಇನ್ನೊಂದು ರಸವನ್ನೂ ಬಿಡಮ್ಮ, ಅವಳ ಕಸುವು ಉಳಿಯಲಿ" ಎಂದಿತು.

ಗ್ರಂಥಿಗೆ ದಿಕ್ಕೇ ತೋಚಲಿಲ್ಲ. "ಅಣ್ಣ ಮಿಂಚಿನಂತೆ ಬಂದ, ನೀನು ದಿಬ್ಬಣದಂತೆ ಬಂದೆ. ಯಾರ ಮಾತು ಕೇಳಲಿ?"

"ಇಬ್ಬರನ್ನೂ ಕಳಿಸಿದ್ದು ಮಿದುಳಪ್ಪನೇ."

"ಹಾಗಾದರೆ ಸಾಕು ಅನ್ನುವವರು ಯಾರು?"

"ನೀನೀಗ ಬಿಡುವ ಈ ರಸವೇ ಮೇಲೆ ಹೋಗಿ ಅಪ್ಪನಿಗೆ ಸಾಕು ಅನ್ನುತ್ತದೆ."

ಗ್ರಂಥಿಗೆ ಪೂರ್ತಿ ತಿಳಿಯಲಿಲ್ಲ, ಆದರೂ ನಂಬಿ ಬಿಟ್ಟಿತು. ಸಾತವ್ವ ಮನೆ ಸೇರಿ ಕದ ಹಾಕಿಕೊಂಡಳು. ಮೆಲ್ಲಗೆ ಇಬ್ಬರು ದೂತರೂ ಸುಮ್ಮನಾದರು.

ಕೇಳಿದವರ ಒಡಲೂ ಹೀಗೇ ತಣ್ಣಗಿರಲಿ.