ಓದದೆ ಒಪ್ಪಿದವನು

“ಗುರುಗಳೇ, ಮೂರು ವರ್ಷದಿಂದ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದೇನೆ. ಒಮ್ಮೆಯೂ ಎದುರಾಡಿಲ್ಲ. ಆದರೂ ನನಗೆ ದೀಕ್ಷೆ ಕೊಡಲು ತಡವೇಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಅವನ ಕೈಗಿಂತ ಬಾಯಿ ಜೋರು, ಹಾಗಂತ ಕೈಯೇನೂ ಕಡಿಮೆಯಿರಲಿಲ್ಲ. ಬಾವಿಗೆ ಬಿದ್ದ ಕಂಪ್ಯೂಟರನ್ನು ಎತ್ತಿ, ಹಪ್ಪಳದ ಜೊತೆ ಬಿಸಿಲಿಗಿಟ್ಟು, ಸಂಜೆಗೆ ಹಾಡಿಸಿದ್ದೆ ಅನ್ನುತ್ತಿದ್ದ. ಹಪ್ಪಳ ಮಾತ್ರ ಕೆಟ್ಟವಂತೆ. ಯಾವ ತಂತ್ರಾಂಶವನ್ನಾದರೂ ಅವನು ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಹಾಕಿ ಮುಗಿಸುತ್ತಿದ್ದ. ಗುಟ್ಟು ಇಷ್ಟೆ: ನಡುನಡುವೆ ಅದು ಕೇಳುವ ಪ್ರಶ್ನೆಗಳನ್ನು ಅವನು ಓದುತ್ತಿರಲಿಲ್ಲ. ‘ಮುಂದೆ’, ‘ಮುಂದೆ’, ‘ಒಪ್ಪಿದೆ’ ಎಂದು ಒತ್ತುತ್ತಾ ಹೋಗುತ್ತಿದ್ದ. “ಓದುವವನು ಮೇಷ್ಟ್ರು, ಒತ್ತುವವನು ಮೆಕ್ಯಾನಿಕ್” ಎನ್ನುತ್ತಿದ್ದ.

ಒಂದು ದಿನ ಒಬ್ಬ ತಾಯಿ ದಾವಣಿಯಲ್ಲಿ ಸುತ್ತಿದ ಕಂಪ್ಯೂಟರನ್ನು ಎತ್ತಿಕೊಂಡು ಬಂದಳು. ದಾವಣಿ ಅವಳ ಮಗಳದು. ಮಗಳು ಹೋದ ವರ್ಷ ಜ್ವರ ಬಂದು ತೀರಿಕೊಂಡಿದ್ದಳು. ಬದುಕಿದ್ದಾಗ ಅವಳು ಕಂಪ್ಯೂಟರಿನಲ್ಲಿ ಒಂದು ಕೋಳಿಮರಿಯ ಚಿತ್ರ ಬರೆದು, ಅದಕ್ಕೆ ತನ್ನ ದನಿ ಕೊಟ್ಟಿದ್ದಳು. ಮುಟ್ಟಿದರೆ ಮರಿ ಕುಣಿದು, “ಅಮ್ಮಾ, ಕಾಳು ಹಾಕೇ” ಅನ್ನುತ್ತಿತ್ತು. ಮಗಳ ದನಿ ಎಂದು ಉಳಿದದ್ದು ಅದೊಂದೇ. ತಿಂಗಳಿಂದ ಅದು ತೆರೆಯುತ್ತಿರಲಿಲ್ಲ.

ರಿಪೇರಿಯವನು ನೋಡಿದ, ನಕ್ಕ. “ಅಕ್ಕಾ, ಮರಿ ಗಟ್ಟಿಯಾಗೇ ಇದೆ. ಅದು ನಿಂತು ಕುಣಿಯೋ ಜಗಲಿ ಕುಸಿದಿದೆ, ಅಷ್ಟೆ. ಚಿತ್ರ ಮೂಡೋಕೆ, ಸದ್ದು ಬರೋಕೆ ಅಡಿಯಲ್ಲಿ ಒಂದು ತಂತ್ರಾಂಶ ಬೇಕು. ಹೊಸದು ಹಾಕ್ತೀನಿ. ನೀವು ಕಾಳು ತಂದಿಟ್ಕೊಳ್ಳಿ.”

ತಾಯಿ ಆ ವರ್ಷದಲ್ಲಿ ಮೊದಲ ಸಲ ನಕ್ಕಳು. ಅದನ್ನು ಕಂಡು ಅವನ ಬೆರಳಿಗೆ ಇನ್ನಷ್ಟು ಹುರುಪು ಬಂತು. ಮುಂದೆ, ಮುಂದೆ, ಒಪ್ಪಿದೆ. ಮುಂದೆ, ಒಪ್ಪಿದೆ.

ಕೆಲಸ ಮುಗಿಯಿತು. ಪರದೆಯ ಮೇಲೆ ಬಣ್ಣಗಳು ಹೊಳೆದವು. ಸದ್ದಿನ ಪರೀಕ್ಷೆಗೆಂದು ಗಂಟೆಯೊಂದು ಕಿಣಿಕಿಣಿ ಎಂದಿತು. ಅವನು ಮರಿಯನ್ನು ಹುಡುಕಿದ. ಇರಲಿಲ್ಲ. ಮತ್ತೆ ಹುಡುಕಿದ. ಆಗ ಕಣ್ಣಂಚಿನಲ್ಲಿ ಹಾದುಹೋಗಿದ್ದ ಒಂದು ಸಾಲು ನೆನಪಾಯಿತು: ‘ಹಳೆಯ ತಂತ್ರಾಂಶವನ್ನೂ ಅದರಲ್ಲಿ ಮಾಡಿಟ್ಟ ಚಿತ್ರಗಳನ್ನೂ ಅಳಿಸಬಹುದೇ?’

“ನಾಡಿದ್ದು ಬನ್ನಿ ಅಕ್ಕಾ” ಎಂದು ತಾಯಿಯನ್ನು ಕಳಿಸಿದ. ಎರಡು ದಿನ ಬೇರೆ ಗಿರಾಕಿ ನೋಡಲಿಲ್ಲ. ಅಳಿಸಿಹೋದದ್ದನ್ನು ಎತ್ತುವ ವಿದ್ಯೆ ಎಷ್ಟಿದೆಯೋ ಅಷ್ಟನ್ನೂ ಮಾಡಿ ನೋಡಿದ. ಬಾವಿಯಿಂದ ಕಂಪ್ಯೂಟರ್ ಎತ್ತಿದವನಿಗೆ ಒಂದು ಕೋಳಿಮರಿ ಎತ್ತಲಾಗಲಿಲ್ಲ.

ಹೇಳಿದ ದಿನ ತಾಯಿ ಬಂದಳು. ಅವನು ನಡೆದದ್ದನ್ನು ಮುಚ್ಚಿಡಲಿಲ್ಲ.

“ಅಳಿಸೋಕೆ ಮುಂಚೆ ಅದು ನಿನ್ನ ಕೇಳಲಿಲ್ವೇನಪ್ಪ?”

“ಕೇಳಿತಕ್ಕಾ.”

“ನೀನೇನಂದೆ?”

“ಒಪ್ಪಿದೆ ಅಂದೆ.”

ಅವಳು ಬೈಯಲಿಲ್ಲ. ಕಂಪ್ಯೂಟರನ್ನು ಅಲ್ಲೇ ಬಿಟ್ಟು, ದಾವಣಿಯನ್ನು ಮಾತ್ರ ಮಡಚಿಕೊಂಡು ಹೋದಳು.

ಕತೆ ಮುಗಿಸಿ ಗುರುಗಳು, “ತಿಳಿಯಿತೇ?” ಎಂದರು.

“ಹೂಂ” ಎಂದ ಶಿಷ್ಯ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ನೀನಿಲ್ಲಿಗೆ ಬಂದ ದಿನ, ‘ಅಮ್ಮನಿಗೆ ಹೇಳಿ ಬಂದೆಯಾ?’ ಎಂದು ಕೇಳಿದ್ದೆ. ಆಗಲೂ ಹೀಗೆಯೇ ಹೂಂ ಎಂದೆ.”