ಹೊನ್ನಕ್ಕನ ಗೂಡಿನ ಕಡ್ಡಿಗಳು

ಕಾಡಿನ ನಡುವೆ ಒಂದು ದೊಡ್ಡ ಮಡು. ಮಡುವಿನ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಒಂದೇ ಒಂದು ಹಳೆಯ ಹುಣಸೆಮರ. ಆ ಒಂದು ಮರದ ಮೇಲೆ ಹಕ್ಕಿಗಳ ಒಂದು ಊರೇ ಸಂಸಾರ ಹೂಡಿತ್ತು. ತುದಿಯ ಕೊಂಬೆಗಳಲ್ಲಿ ಜೋಳಿಗೆಯಂಥ ಕೊಕ್ಕಿನ ಹೆಜ್ಜಾರ್ಲೆಗಳು, ನಡುವೆ ಬೆಳ್ಳಕ್ಕಿಗಳು, ಕೆಳಗೆ ನೀರುಕಾಗೆಗಳು. ಗೂಡಿಗೆ ಗೂಡು ತಾಗಿಕೊಂಡೇ ಇತ್ತು. ಒಂದು ಮನೆಯ ಮರಿ ಅತ್ತರೆ ಪಕ್ಕದ ಮನೆಯವರಿಗೆ ನಿದ್ದೆ ಇಲ್ಲ. ಹಾಗೆ ಒತ್ತೊತ್ತಾಗಿ ಬದುಕುವಾಗ ಉಪಕಾರವೂ ಇರುತ್ತದೆ, ಚಾಡಿಯೂ ಇರುತ್ತದೆ. ನಿಮ್ಮ ಬೀದಿಯಲ್ಲಿ ಇಲ್ಲವೇ ಮಕ್ಕಳೇ? ಹಾಗೆಯೇ.

ಬೆಳಗ್ಗೆ ದೊಡ್ಡವರೆಲ್ಲ ಮೀನಿಗೆ ಹೋದರೆ ಮೊಟ್ಟೆ ಮರಿಗಳಿಗೆ ಕಾವಲು ಯಾರು? ಕಾಜಾಣ ಈರಣ್ಣ. ಮೈಯೆಲ್ಲ ಕಪ್ಪು, ಬಾಲ ಕವಲು, ಗಾತ್ರದಲ್ಲಿ ಹಿಡಿಯಷ್ಟು. ಆದರೆ ಹದ್ದನ್ನೇ ಅಟ್ಟಿಸಿಕೊಂಡು ಹೋಗುವ ಗಂಡೆದೆ ಅವನದು. ಅವನ ಸಂಸಾರವೂ ಅದೇ ಮರದಲ್ಲಿತ್ತು. "ಈರಣ್ಣ ಇದ್ದಾನಲ್ಲ, ಇನ್ನೇನು ಭಯ?" ಎಂದು ಎಲ್ಲರೂ ಹೇಳುತ್ತಿದ್ದರು. ಕೇಳಿ ಕೇಳಿ ಆ ಹೆಸರು ಅವನ ತಲೆಗೆ ತುಸು ಏರಿತ್ತು ಕೂಡ.

ಆ ಮರದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಯಾರಾದರೂ ಇನ್ನೊಬ್ಬರ ಮೊಟ್ಟೆ ತಿಂದರೆ, ಮರದವರೆಲ್ಲ ಸಾಲಾಗಿ ಬಂದು ಅವರ ಗೂಡಿನಿಂದ ಒಂದೊಂದು ಕಡ್ಡಿ ಕಿತ್ತು ನೀರಿಗೆ ಎಸೆಯಬೇಕು. ಸಾಕ್ಷಿ ಹೇಳಿದವನ ಸರದಿ ಕೊನೆಗೆ. ಇಡೀ ಗೂಡನ್ನು ಕೊಂಬೆಗೆ ಹಿಡಿದಿರುವ ಬುಡದ ಕಡ್ಡಿಯನ್ನು ಅವನೇ ಕೀಳಬೇಕು. ಆಮೇಲೆ ಗೂಡೂ ಇಲ್ಲ, ಗೂಡಿನಲ್ಲಿ ಹಾರಲು ಬಾರದವರು ಯಾರಾದರೂ ಇದ್ದರೆ ಅವರೂ ಇಲ್ಲ. ಕೆಳಗೆ ಮಡುವಿನಲ್ಲಿ ಮೊಸಳೆಗಳಿದ್ದವು.

ನಡುವಿನ ಕೊಂಬೆಯಲ್ಲಿ ಬೆಳ್ಳಕ್ಕಿ ಹೊನ್ನಕ್ಕನ ಗೂಡು. ಗಂಡ ತೀರಿಕೊಂಡಿದ್ದ. ಇದ್ದುದು ಒಂದೇ ಮರಿ, ಅದಕ್ಕೂ ಇನ್ನೂ ಗರಿ ಬಲಿತಿರಲಿಲ್ಲ. ಹೊನ್ನಕ್ಕ ಹೆಚ್ಚು ಮಾತಿನವಳಲ್ಲ. ದಿನವೂ ಬೆಳಗ್ಗೆ ಮೀನಿಗೆ ಹೋಗುವ ಮೊದಲು ಒಂಟಿಕಾಲಲ್ಲಿ ನಿಂತು, ಕಣ್ಣು ಮುಚ್ಚಿ, ದೇವರನ್ನು ನೆನೆಯುತ್ತಿದ್ದಳು. ಅದನ್ನು ಕಂಡು ಮರದವರು ನಗುತ್ತಿದ್ದರು. "ನೋಡ್ರೋ, ಬಕಧ್ಯಾನ," ಎನ್ನುತ್ತಿದ್ದರು. ಮೀನಿಗಾಗಿ ನಿಲ್ಲುವುದು ಬೇರೆ, ದೇವರಿಗಾಗಿ ನಿಲ್ಲುವುದು ಬೇರೆ ಎಂದು ಅವಳು ಯಾರಿಗೂ ವಿವರಿಸಲು ಹೋಗಲಿಲ್ಲ.

ಒಂದು ದಿನ ಏನಾಯಿತೆಂದರೆ, ಕಾಡೆಮ್ಮೆಗಳ ಹಿಂಡೊಂದು ಮಡುವಿನ ದಡಕ್ಕೆ ಮೇಯಲು ಬಂತು. ಅವು ಕಾಲಿಟ್ಟಲ್ಲೆಲ್ಲ ಹುಲ್ಲಿನಿಂದ ಮಿಡತೆಗಳು ಪುಟಪುಟನೆ ಎದ್ದವು. ಕಾವಲಿಗೆ ಕೂತಿದ್ದ ಈರಣ್ಣನ ಬಾಯಲ್ಲಿ ನೀರೂರಿತು.

"ಈಗ ಹೋಗಿ ಈಗ ಬಂದುಬಿಡ್ತೀನಿ," ಎಂದು ತನಗೆ ತಾನೇ ಹೇಳಿಕೊಂಡು ಹಾರಿದ. ಒಂದು ಕಾಡೆಮ್ಮೆಯ ಬೆನ್ನೇರಿ ಕೂತ. ಒಂದು ಮಿಡತೆ ತಿಂದ, ಇನ್ನೊಂದು ತಿಂದ. ಆಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಅಷ್ಟರಲ್ಲಿ ಹೊನ್ನಕ್ಕ ಮರಿಗೆ ಮೀನು ತಂದಳು. ಕೆಳಗಿನ ಕೊಂಬೆಯಲ್ಲಿ ನೀರುಕಾಗೆ ಕರಿಯವ್ವನ ಮೊಟ್ಟೆಗಳು ಬಿಸಿಲಿಗೆ ಕಾಯುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಕರಿಯವ್ವ ಇನ್ನೂ ಬಂದಿರಲಿಲ್ಲ. 'ಅಯ್ಯೋ ಪಾಪ, ಒಳಗಿನ ಜೀವ ಬೆಂದುಹೋದೀತು,' ಎಂದು ಹೊನ್ನಕ್ಕ ಕೆಳಗಿಳಿದು, ರೆಕ್ಕೆ ಹರಡಿ, ಬಾಗಿ ನೆರಳು ಕೊಟ್ಟಳು. ತುಸು ಹೊತ್ತಾದ ಮೇಲೆ ಒಂದು ಹಸಿರು ರೆಂಬೆಯನ್ನು ಗೂಡಿನ ಮೇಲೆ ಎಳೆದಿಟ್ಟು, ಮತ್ತೆ ಮೀನಿಗೆ ಹೋದಳು.

ಅವಳು ಹೋದ ಮೇಲೆ ಕೇರೆಹಾವು ಬಂತು. ಅಡ್ಡಿ ಮಾಡುವವರು ಯಾರಿದ್ದರು? ರೆಂಬೆ ಸರಿಸಿ, ಮೊಟ್ಟೆಗಳನ್ನು ನುಂಗಿ, ನಿಧಾನವಾಗಿ ಇಳಿಯತೊಡಗಿತು. ಈರಣ್ಣ ಮಿಡತೆ ಸಾಕಾಗಿ ಮರಳಿ ಬರುವುದಕ್ಕೂ, ಉಬ್ಬಿದ ಹೊಟ್ಟೆಯ ಹಾವು ಕಾಂಡ ಇಳಿದು ನೀರಿಗೆ ಜಾರುವುದಕ್ಕೂ ಸರಿಹೋಯಿತು.

ಕರಿಯವ್ವ ಬಂದಳು. ಬರಿದಾದ ಗೂಡು ಕಂಡಳು. ಅವಳ ಕೂಗಿಗೆ ಮಡುವಿನಲ್ಲಿದ್ದವರೆಲ್ಲ ಮರಕ್ಕೆ ಮರಳಿದರು.

"ಈರಣ್ಣ, ನೀನಿದ್ದೆಯಲ್ಲ. ಯಾರು ಬಂದಿದ್ದರು ಹೇಳು," ಎಂದು ಅವಳು ಅಂಗಲಾಚಿದಳು.

ನಾನು ಇರಲಿಲ್ಲ ಎನ್ನಬೇಕಾಗಿತ್ತು. ಅಷ್ಟೇ ಮಾತು. ಆದರೆ ಅಷ್ಟು ಹೇಳಿದರೆ ಹೆಸರು ಮಣ್ಣುಪಾಲು. ಕಾಡೆಮ್ಮೆಯ ಬೆನ್ನ ಮೇಲಿಂದ ಅವನು ಒಮ್ಮೆ ಮರದ ಕಡೆ ಕಣ್ಣು ಹಾಯಿಸಿದ್ದ. ಆಗ ಆ ಗೂಡಿನ ಮೇಲೆ ಏನೋ ಬೆಳ್ಳಗೆ ಬಾಗಿದ್ದುದು ನೆನಪಾಯಿತು.

"ಹೊನ್ನಕ್ಕ ಬಾಗಿ ನಿಂತಿದ್ದನ್ನ ನಾನು ಕಂಡೆ," ಎಂದ. "ನೋಡಿಕೊಳ್ಳೋಕೆ ನಿಂತಿದ್ದಾಳೆ ಅಂದುಕೊಂಡೆ. ತಿನ್ನೋಕೆ ಅಂತ ನನಗೇನು ಗೊತ್ತು?"

ಎಲ್ಲರೂ ಹೊನ್ನಕ್ಕನ ಕಡೆ ತಿರುಗಿದರು.

"ಬಾಗಿ ನಿಂತಿದ್ದು ನಿಜ," ಎಂದಳು ಹೊನ್ನಕ್ಕ. "ಬಿಸಿಲಿತ್ತು, ನೆರಳು ಕೊಟ್ಟೆ. ನಾನು ಹೋಗುವಾಗ ಮೊಟ್ಟೆ ಇದ್ದವು. ಈರಣ್ಣ ಆಗ ಮರದಲ್ಲಿ ಇರಲಿಲ್ಲ, ಕಾಡೆಮ್ಮೆಯ ಮೇಲೆ ಕೂತಿದ್ದ."

"ಕೇಳಿದಿರಾ?" ಎಂದ ಈರಣ್ಣ. "ಕಳ್ಳಿಗೊಂದು ನೆವ. ಇಷ್ಟು ದಿನ ಹದ್ದು ಓಡಿಸಿದವನು ನಾನು. ಈಗ ನಾನೇ ಇರಲಿಲ್ಲವಂತೆ."

"ಅವಳ ಕೊಕ್ಕು ನೋಡಿ," ಎಂದು ಒಬ್ಬಳು ಕೂಗಿದಳು. "ಮೊಟ್ಟೆಯ ಹಳದಿ ಇನ್ನೂ ಮೆತ್ತಿಕೊಂಡಿದೆ."

ಹೊನ್ನಕ್ಕನ ಕೊಕ್ಕು ಹುಟ್ಟಿದಾಗಿನಿಂದಲೂ ಹಳದಿಯೇ. ಅದನ್ನು ದಿನವೂ ಕಂಡವರೇ ಆ ಹೊತ್ತು ಹೌದು ಹೌದು ಎಂದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಗತಿ ನಿಮಗೆ ಗೊತ್ತಲ್ಲ, ಹೊನ್ನಕ್ಕನದೂ ಅದೇ ಆಯಿತು.

ಮರದ ಹಿರಿಯ ಹೆಜ್ಜಾರ್ಲೆ ಮಲ್ಲಜ್ಜ. ಕಟ್ಟಳೆ ನಡೆಸುವವನು ಅವನೇ. ಅವನು ಕರಿಯವ್ವನ ಅಳುವನ್ನೂ ಕೇಳಿದ, ಈರಣ್ಣನ ಮಾತನ್ನೂ ಕೇಳಿದ. "ಕಾವಲುಗಾರನ ಮಾತು ಬಿಟ್ಟು ಇನ್ಯಾರ ಮಾತು ನಂಬೋಣ?" ಎಂದು ನಿಟ್ಟುಸಿರುಬಿಟ್ಟು, "ಕಡ್ಡಿ ಕೀಳಿ," ಎಂದ.

ಹೊನ್ನಕ್ಕ ಮಲ್ಲಜ್ಜನ ಮುಂದೆ ಬಂದು ಬೇಡಿಕೊಂಡಳು. "ಅಜ್ಜ, ನನಗೆ ಏನು ಬೇಕಾದರೂ ಮಾಡಿ. ಮರಿ ಹಾರೋ ತನಕ ಕಾಯಿರಿ. ಅದು ಏನು ಮಾಡಿದೆ?"

"ನನ್ನ ಮೊಟ್ಟೆ ಒಡೆದು ಮರಿಯಾಗೋ ತನಕ ನೀನು ಕಾದೆಯಾ?" ಎಂದಳು ಕರಿಯವ್ವ. ಮಗು ಕಳೆದುಕೊಂಡವಳ ಜೊತೆ ವಾದ ಮಾಡುವುದು ಹೇಗೆ?

ಹೊನ್ನಕ್ಕ ತನ್ನ ಗೂಡಿನ ಪಕ್ಕದ ಕೊಂಬೆಯ ಮೇಲೆ ನಿಂತಳು. ಒಂದು ರೆಕ್ಕೆಯನ್ನು ಮರಿಯ ಮೇಲೆ ಚಾಚಿದಳು. ನಿಜ ಹೇಳಿಯಾಗಿತ್ತು, ಬೇಡಿಕೊಂಡೂ ಆಗಿತ್ತು. ಇನ್ನು ಹೇಳಿಕೊಳ್ಳಲು ಉಳಿದವನು ದೇವರೊಬ್ಬನೇ. ಅವಳು ಕಣ್ಣು ಮುಚ್ಚಿದಳು.

ಮೊದಲು ಬಾಯಿಗೆ ಬಂದದ್ದು ಶಾಪ. ಸುಳ್ಳು ಹೇಳಿದ ಆ ನಾಲಿಗೆ ಸೇದಿಹೋಗಲಿ, ಅವನ ಗೂಡೂ ಹೀಗೇ ಬೀಳಲಿ ಎನ್ನಬೇಕೆನಿಸಿತು. ಯಾಕೆ ಅನಿಸಬಾರದು ಹೇಳಿ? ಅವಳೂ ತಾಯಿಯೇ. ಆದರೆ ದೇವರ ಮುಂದೆ ನಿಂತ ಮೇಲೆ ಆ ಮಾತು ಹೊರಡಲಿಲ್ಲ. ಈರಣ್ಣನ ಗೂಡಿನಲ್ಲೂ ಬಾಯಿ ತೆರೆದು ಕೂತ ಮರಿಗಳಿದ್ದವು. ಅವಳಿಗೆ ನಾಚಿಕೆಯಾಯಿತು. ಶಾಪವನ್ನು ನುಂಗಿಕೊಂಡಳು.

ಹಕ್ಕಿಗಳು ಸಾಲಾಗಿ ಬಂದವು. ಒಂದೊಂದೂ ಒಂದೊಂದು ಕಡ್ಡಿ ಎಳೆದು ನೀರಿಗೆ ಎಸೆಯಿತು. "ಈಗಲೂ ಬಕಧ್ಯಾನ ಬಿಡಲಿಲ್ಲ ನೋಡು," ಎಂದು ಒಬ್ಬ ನಕ್ಕ. ಹಿಂದಿದ್ದವನು ನಗಲಿಲ್ಲ, ಆದರೆ ಕಡ್ಡಿ ಕೀಳುವುದನ್ನೂ ಬಿಡಲಿಲ್ಲ. ಗೂಡು ತೆಳ್ಳಗಾಗುತ್ತ ಬಂತು. ಮರಿ ಆಟವೆಂದುಕೊಂಡು ಮೊದಮೊದಲು ಎಲ್ಲರ ಮುಖ ನೋಡುತ್ತಿತ್ತು. ಆಮೇಲೆ ತಳದಲ್ಲಿ ತೂತು ಬಿದ್ದು ಅದರ ಒಂದು ಕಾಲು ಕೆಳಗೆ ಜಾರಿತು. ಆಗ ಅಳತೊಡಗಿತು. ಕೆಳಗೆ ನೀರಿನಲ್ಲಿ ಮೊಸಳೆಯೊಂದು ಸದ್ದಿಲ್ಲದೆ ಬಂದು ನಿಂತಿತ್ತು.

"ಈರಣ್ಣ, ನಿನ್ನ ಸರದಿ," ಎಂದ ಮಲ್ಲಜ್ಜ.

ಈರಣ್ಣ ಬಂದ. ಬುಡದ ಕಡ್ಡಿಯನ್ನು ಕೊಕ್ಕಿನಲ್ಲಿ ಕಚ್ಚಿದ. ಆ ಕಡ್ಡಿ ಹಿಡಿಯಬೇಕಾದರೆ ಹೊನ್ನಕ್ಕನ ಎದೆಗೆ ತಲೆ ತಾಗುವಷ್ಟು ಹತ್ತಿರ ಬರಬೇಕು. ಅವಳು ಪಿಸುಗುಡುತ್ತಿದ್ದುದು ಅಲ್ಲಿ ಅವನೊಬ್ಬನಿಗೇ ಕೇಳಿಸಿತು. ತನಗೆ ಶಾಪ ಹಾಕುತ್ತಿದ್ದಾಳೆ ಎಂದುಕೊಂಡು ಅವನು ಮೈ ಬಿಗಿಹಿಡಿದ.

"ಸ್ವಾಮಿ," ಎನ್ನುತ್ತಿದ್ದಳು ಅವಳು, "ನಾನು ತಿಂದಿಲ್ಲ ಅನ್ನೋದು ನಿನಗೆ ಗೊತ್ತು. ನಿನಗೆ ಗೊತ್ತಿದ್ದರೆ ನನಗೆ ಸಾಕು. ನನ್ನ ಮಗೂನ ಉಳಿಸು. ಉಳಿಸೋದು ನಿನ್ನ ಚಿತ್ತದಲ್ಲಿ ಇಲ್ಲದಿದ್ದರೆ, ಇದರ ಪಾಪ ಈರಣ್ಣನ ಮಕ್ಕಳಿಗೆ ತಟ್ಟದ ಹಾಗೆ ನೋಡಿಕೋ. ಅವಕ್ಕೂ ಇನ್ನೂ ಗರಿ ಬಂದಿಲ್ಲ."

ಶಾಪವಾಗಿದ್ದರೆ ಅವನು ಕಡ್ಡಿ ಎಳೆದುಬಿಡುತ್ತಿದ್ದ. ಸಿಟ್ಟಿಗೆ ಸಿಟ್ಟು ಸೇರಿದರೆ ಎಂಥ ಕೆಟ್ಟ ಕೆಲಸವೂ ಸಲೀಸು. ಆದರೆ ಈ ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ತೂತಿನಿಂದ ಇಳಿಬಿದ್ದ ಆ ಪುಟ್ಟ ಕಾಲು ಅವನ ಕಣ್ಣೆದುರಿಗೇ ಇತ್ತು. ಅವನ ಕೊಕ್ಕು ತಾನಾಗಿ ಸಡಿಲವಾಯಿತು.

"ಎಳೆಯೋ, ಯಾಕೆ ನಿಂತೆ?" ಎಂದರು ಹಿಂದಿನವರು.

"ಇವಳಲ್ಲ," ಎಂದ ಈರಣ್ಣ. ಎಲ್ಲರ ಕಡೆ ತಿರುಗಿದ. ಮತ್ತೆ ಹೇಳಿದ, "ಇವಳು ತಿಂದಿಲ್ಲ. ನಾನು ಕಾವಲಲ್ಲಿ ಇರಲಿಲ್ಲ. ಮಿಡತೆ ತಿನ್ನೋಕೆ ಹೋಗಿದ್ದೆ. ಬರೋವಾಗ ಕೇರೆಹಾವು ಹೊಟ್ಟೆ ಉಬ್ಬಿಸಿಕೊಂಡು ಇಳೀತಿದ್ದುದನ್ನ ಈ ಕಣ್ಣಾರೆ ಕಂಡೆ. ಹೆಸರು ಹೋಗುತ್ತೆ ಅಂತ ಸುಳ್ಳು ಹೇಳಿದೆ."

ಕಡ್ಡಿ ಕಿತ್ತವರೆಲ್ಲ ತಲೆ ತಗ್ಗಿಸಿದರು. ಮಲ್ಲಜ್ಜನ ಉದ್ದನೆಯ ಕೊಕ್ಕು ಎದೆಗೆ ತಾಗಿತು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಿಮಗೆಲ್ಲ ಹೇಳುತ್ತಿದ್ದವನು ನಾನೇ," ಎಂದ. "ಹೊನ್ನಕ್ಕ, ನಿನ್ನ ಮಾತನ್ನು ನಾನು ಎರಡನೇ ಸಲ ಕೇಳಲೇ ಇಲ್ಲ. ತಪ್ಪಾಯಿತು ತಾಯಿ."

"ಬೇಲಿಯೇ ಎದ್ದು ಹೊಲ ಮೇಯ್ದಿದೆ," ಎಂದು ಯಾರೋ ಗುಡುಗಿದರು. "ಕೀಳಿ, ಈರಣ್ಣನ ಗೂಡನ್ನು ಕೀಳಿ." ಆಗಲೇ ಕೆಲವರು ಅತ್ತ ಹಾರಿದ್ದರು.

"ಬೇಡ," ಎಂದಳು ಹೊನ್ನಕ್ಕ. "ಅಲ್ಲೂ ಮರಿಗಳಿವೆ. ಈಗತಾನೇ ಅವುಗಳಿಗಾಗಿ ದೇವರನ್ನು ಬೇಡಿಕೊಂಡಿದ್ದೇನೆ. ಆ ಮಾತನ್ನು ನೀವು ಸುಳ್ಳು ಮಾಡಬೇಡಿ."

ಹಾರಿದವರು ಮರಳಿ ಬಂದು ಕೂತರು. ಈರಣ್ಣ ಅವಳ ಕಾಲ ಬಳಿ ತಲೆಯಿಟ್ಟ.

ಈಗ ಇನ್ನೊಂದು ಪೇಚು. ಕಡ್ಡಿ ಕೀಳಲು ಕಟ್ಟಳೆ ಇತ್ತು, ಕಿತ್ತದ್ದನ್ನು ಮತ್ತೆ ಇಡಲು ಕಟ್ಟಳೆ ಇರಲಿಲ್ಲ. ಎಸೆದ ಕಡ್ಡಿಗಳು ನೀರಿನಲ್ಲಿ ತೇಲಿಹೋಗಿದ್ದವು. ಮರಿಯ ಕಾಲು ಇನ್ನೂ ತೂತಿನಲ್ಲೇ ಸಿಕ್ಕಿಕೊಂಡಿತ್ತು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಆಗ ಕೆಳಗಿನ ಕೊಂಬೆಯಿಂದ ಕರಿಯವ್ವ ಮೇಲಕ್ಕೆ ಬಂದಳು. ಅವಳ ಕೊಕ್ಕಿನಲ್ಲಿ ಅವಳ ಗೂಡಿನದೇ ಒಂದು ಕಡ್ಡಿ ಇತ್ತು. ಅದನ್ನು ಮರಿಯ ಕಾಲಿನ ಅಡಿಗೆ ಮೆಲ್ಲಗೆ ತೂರಿಸಿದಳು. ಮತ್ತೆ ಇಳಿದುಹೋಗಿ ಇನ್ನೊಂದು ತಂದಳು.

"ನಿನ್ನ ಗೂಡು ಹಾಳಾಗುತ್ತೆ ಕರಿಯವ್ವ," ಎಂದಳು ಹೊನ್ನಕ್ಕ.

"ಅದರಲ್ಲಿ ಈಗ ಯಾರಿದ್ದಾರೆ?" ಎಂದಳು ಕರಿಯವ್ವ.

ಅದನ್ನು ಕಂಡ ಮೇಲೆ ಉಳಿದವರೂ ತಮ್ಮ ತಮ್ಮ ಗೂಡಿನಿಂದ ಕಡ್ಡಿ ತಂದರು. ಹೊತ್ತು ಮುಳುಗುವುದರೊಳಗೆ ಗೂಡು ನಿಂತಿತು. ಎಲ್ಲರೂ ಹೋದರು. ಕರಿಯವ್ವ ಮಾತ್ರ ತನ್ನ ಕೊಂಬೆಗೆ ಇಳಿಯಲಾರದೆ ನಿಂತಳು.

ಹೊನ್ನಕ್ಕ ಸರಿದು ಜಾಗ ಮಾಡಿಕೊಟ್ಟಳು. "ಇಲ್ಲೇ ಕೂತ್ಕೊ," ಎಂದಳು. ಮರಿ ಇಬ್ಬರ ನಡುವೆ ಮುದುರಿ ನಿದ್ದೆಹೋಯಿತು. ಹೊನ್ನಕ್ಕ ಮತ್ತೊಮ್ಮೆ ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡಳು. ಈ ಸಲ ಕರಿಯವ್ವನ ಸಲುವಾಗಿ.

ನೀತಿ: ಮಾಡದ ತಪ್ಪು ತಲೆಗೆ ಬಂದಾಗ ನಿಜವನ್ನು ಹೇಳು, ಆಮೇಲೆ ದೇವರ ಮೊರೆಹೋಗು. ಶಾಪಕ್ಕೆ ಬಗ್ಗದ ಮನಸ್ಸೂ ಪ್ರಾರ್ಥನೆಗೆ ಕರಗುತ್ತದೆ.