ಆ ಕಡೆಯ ಸಾಹೇಬ

ಗುಡ್ಡದ ಟೆಲಿಫೋನ್ ಕೇಂದ್ರದಲ್ಲಿ ಓಬಳೇಶ ಒಬ್ಬನೇ. ಕೇಬಲ್ ತುಂಡಾಗಿ ಸಿಗ್ನಲ್ ನಿಂತಿತ್ತು, ಕೆಂಪು ದೀಪ ಹತ್ತಿತ್ತು. ಜೋಡಿಸುವವರನ್ನು ಕಳಿಸಿ ಎಂದು ಬೇಡಿದರೆ ಸಾಹೇಬರೇ ಜೀಪಿನಲ್ಲಿ ಬಂದರು.

“ಜನ ಆಮೇಲೆ. ಮೊದಲು ಆ ಕೆಂಪು ದೀಪ ಆರಿಸು, ಇಲ್ಲಾಂದ್ರೆ ಸಸ್ಪೆಂಡು!”

ಯಂತ್ರದಲ್ಲಿ ಸಿಗ್ನಲ್ ಹೊರಡುವ ತೂತಿನಿಂದ ಒಳಬರುವ ತೂತಿಗೆ ಓಬಳೇಶ ಒಂದು ತುಂಡು ಫೈಬರ್ ತಂತಿ ಸಿಕ್ಕಿಸಿದ. ಕೆಂಪು ಆರಿತು, ಹಸಿರು ಹತ್ತಿತು.

ಸಾಹೇಬರು ಗತ್ತಿನಿಂದ ಆ ಲೈನಿನ ಫೋನೆತ್ತಿದರು. “ಹಲೋ, ಯಾರು?”

“ಹಲೋ, ಯಾರು?” ಎಂದಿತು ಫೋನು.

“ಅಣಕಿಸ್ತೀಯಾ? ನಾನು ಸಾಹೇಬ!”

ಆ ಕಡೆಯವನೂ ಸಾಹೇಬನೇ.

“ಯಾರಯ್ಯ ಇವನು?”

“ತಾವೇ ಸಾರ್. ನಮ್ಮ ಮಾತು ನಮಗೇ ವಾಪಸ್ ಬರ್ತಿದೆ. ನಾನಿಲ್ಲಿ ಒಬ್ಬನೇ ಅಲ್ವಾ, ದಿನಾ ಮಾತಾಡೋದೂ ಹೀಗೇ.”

ಸಾಹೇಬರು ಫೋನಿಟ್ಟು ಜೀಪು ಹತ್ತಿದರು. ಸಂಜೆ ಜೋಡಿಸುವವರಿಬ್ಬರು ಬಂದರು.

ಓಬಳೇಶ ಚಹಾ ಕೊಟ್ಟು ಹೇಳಿದ: “ನಿಧಾನಕ್ಕೆ ಮಾಡಿ. ಅವಸರ ಏನಿಲ್ಲ.”